ಮುಷ್ಟಿಯ ಕಬ್ಬಿಣ, ನೆತ್ತರಿನ ಉಪ್ಪು

ನಾವು ಉರ್ದು ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಪಕ್ಕದ ಸಾಲಿನ ಹುಡುಗನೊಬ್ಬ ಪಾಟಿಯ ಮೇಲೆ ಬರೆಯುತ್ತಿದ್ದವನು ಹಾಗೆಯೇ ನೆಲಕ್ಕುರುಳಿದ. ಕೈಕಾಲು ಸೆಟೆದು ಅದುರತೊಡಗಿದವು. ಬಾಯಲ್ಲಿ ನೊರೆ ಬಂತು. ಉಸ್ತಾದರು ಓಡಿಹೋಗಿ ಕಪಾಟಿನ ಚಾವಿ ಗೊಂಚಲು ತಂದು ಅವನ ಮುಷ್ಟಿಗೆ ತುರುಕಿದರು. ಸ್ವಲ್ಪ ಹೊತ್ತಿಗೆ ಅದುರುವುದು ನಿಂತಿತು. ಕಬ್ಬಿಣದ ಗುಣ ಅಂದರು ಎಲ್ಲರೂ. ಮುಂದೆ ಕನ್ನಡ ಹೈಸ್ಕೂಲಿಗೆ ಬಂದಾಗ ಪ್ರಾರ್ಥನೆಯ ಹೊತ್ತಿನಲ್ಲಿ ಹುಡುಗಿಯೊಬ್ಬಳು ಬಿದ್ದಳು. ‘ಲಗೂನ ಕೀಲಿಕೈ ತರ್ರಿ’ ಎಂದು ಮಾಸ್ತರರು ಕೂಗಿದರು. ಅಲ್ಲಿ ಮಿರ್ಗಿ, ಇಲ್ಲಿ ಮೂರ್ಛೆ ಬ್ಯಾನಿ. ಹೆಸರು ಎರಡು, ಕಬ್ಬಿಣ ಒಂದೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಯಾವ ಊರಿಗೆ ಹೋದರೂ ಈ ದೃಶ್ಯ ಕಂಡವರು ಸಿಗುತ್ತಾರೆ. ಕಬ್ಬಿಣ ಕೆಲಸ ಮಾಡಿದಂತೆ ಕಾಣುವುದಕ್ಕೆ ಕಾರಣ ಸರಳ. ಇಂಥ ಸೆಳವು ಬಹುತೇಕ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಚಾವಿ ಹುಡುಕಿ ತರುವುದಕ್ಕೂ ಅಷ್ಟೇ ಹೊತ್ತು ಬೇಕು. ಆದರೆ ಮೂರ್ಛೆರೋಗಕ್ಕೂ ಲೋಹ, ಲವಣಗಳಿಗೂ ನಂಟೇ ಇಲ್ಲವೆಂದು ನಕ್ಕುಬಿಡುವಂತೆಯೂ ಇಲ್ಲ. ನಂಟಿದೆ. ಅದು ಮುಷ್ಟಿಯಲ್ಲಿಲ್ಲ, ಮೈಯೊಳಗಿದೆ. ಇದನ್ನು ತಿಳಿಯಲು ಮನುಷ್ಯನಿಗೆ ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಕ್ರಿಸ್ತಪೂರ್ವ 400ರ ಸುಮಾರಿನಲ್ಲೇ, ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ಗ್ರಂಥವೊಂದು ಇದು ದೇವರ ಕೋಪದಿಂದ ಬರುವ ರೋಗವಲ್ಲ, ಮಿದುಳಿನ ರೋಗ ಎಂದು ವಾದಿಸಿತ್ತು. ಚರಕ ಸಂಹಿತೆ ಇದನ್ನು ಅಪಸ್ಮಾರ, ಅಂದರೆ ಸ್ಮೃತಿ ತಪ್ಪುವ ರೋಗ ಎಂದು ಕರೆದು ವಾತ, ಪಿತ್ತ, ಕಫಗಳ ಲೆಕ್ಕದಲ್ಲಿ ವಿಂಗಡಿಸಿತು. ಇಬ್ನ್ ಸೀನಾ ತನ್ನ ‘ಅಲ್ ಖಾನೂನ್’ ಗ್ರಂಥದಲ್ಲಿ ಇದನ್ನು ತಲೆ ಮತ್ತು ಮಿದುಳಿನ ರೋಗಗಳ ಸಾಲಿನಲ್ಲಿಟ್ಟ. ನಮ್ಮ ನೆಲದಲ್ಲಿ ಈ ಎರಡು ವೈದ್ಯ ಪರಂಪರೆಗಳೂ ಕೂಡಿದ್ದವು. ಇಬ್ರಾಹಿಂ ಆದಿಲ್‌ಶಾಹನ ಕಾಲದ ವಿಜಾಪುರದಲ್ಲಿದ್ದ ಫರಿಶ್ತಾನನ್ನು ನಾವು ಇತಿಹಾಸಕಾರನೆಂದಷ್ಟೇ ಬಲ್ಲೆವು. ಭಾರತೀಯ ವೈದ್ಯವನ್ನು ಪರ್ಷಿಯನ್ ಓದುಗರಿಗೆ ತಿಳಿಸಲು ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥ ಬರೆದವನೂ ಅವನೇ. ಹಕೀಮನೂ ವೈದ್ಯನೂ ಪರಸ್ಪರ ಕಲಿಯುತ್ತಿದ್ದ ಕಾಲವದು. ಪಂಡಿತರು ಮಿದುಳು ಎಂದು ಬರೆದಿಟ್ಟರೂ ಜನಸಾಮಾನ್ಯರ ಬಾಯಲ್ಲಿ ಅದು ಗಾಳಿ, ದೆವ್ವ, ಜಿನ್ನುಗಳ ಕಾಟವಾಗಿಯೇ ಉಳಿಯಿತು.

ಗುಣ ಕೊಟ್ಟ ಮೊದಲ ಔಷಧಿ ಬಂದದ್ದು ಸಮುದ್ರದ ಉಪ್ಪುನೀರಿನಿಂದ. 1826ರಲ್ಲಿ ಫ್ರಾನ್ಸಿನ ಬಲಾರ್ ಎಂಬ ತರುಣ ಉಪ್ಪು ಬೆಳೆಯುವ ಗದ್ದೆಯ ಉಳಿಕೆ ನೀರಿನಲ್ಲಿ ಬ್ರೋಮಿನ್ ಕಂಡುಹಿಡಿದ. 1857ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯ ಚಾರ್ಲ್ಸ್ ಲೊಕಾಕ್, ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟು ಕೆಲವು ಹೆಂಗಸರ ಮೂರ್ಛೆ ನಿಲ್ಲಿಸಿದ್ದಾಗಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಹೇಳಿದ. ರೋಗದ ಕಾರಣದ ಬಗ್ಗೆ ಅವನ ತಿಳಿವಳಿಕೆ ತಪ್ಪಾಗಿತ್ತು, ಔಷಧಿ ಮಾತ್ರ ಸರಿಯಾಗಿತ್ತು. 1899ರಲ್ಲಿ ಫ್ರಾನ್ಸಿನ ವೈದ್ಯರು ಇನ್ನೊಂದು ಸಂಗತಿ ಗಮನಿಸಿದರು: ಊಟದಲ್ಲಿ ಅಡುಗೆ ಉಪ್ಪು ಕಡಿಮೆ ಮಾಡಿದರೆ ಬ್ರೋಮೈಡ್ ಹೆಚ್ಚು ಕೆಲಸ ಮಾಡುತ್ತದೆ. ಮೈಯೊಳಗೆ ಉಪ್ಪಿನ ಕ್ಲೋರೈಡಿನ ಜಾಗವನ್ನೇ ಬ್ರೋಮೈಡ್ ಹಿಡಿಯುತ್ತಿತ್ತು. ಆದರೆ ಅದು ಮಂಪರು ತರುತ್ತಿತ್ತು, ಚರ್ಮ ಕೆಡಿಸುತ್ತಿತ್ತು, ಬುದ್ಧಿ ಮಂಕು ಮಾಡುತ್ತಿತ್ತು. 1912ರಲ್ಲಿ ಫಿನೊಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್ ಬಂದ ಮೇಲೆ ಬ್ರೋಮೈಡ್ ಹಿಂದೆ ಸರಿಯಿತು.

ಉಪ್ಪು ಮಿದುಳಿನಲ್ಲಿ ಮಾಡುವ ಕೆಲಸವನ್ನು 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಬಿಡಿಸಿಟ್ಟರು. ಸಮುದ್ರದ ಸ್ಕ್ವಿಡ್ ಎಂಬ ಜೀವಿಯ ದಪ್ಪ ನರದ ಮೇಲೆ ಪ್ರಯೋಗ ಮಾಡಿದ ಅವರಿಗೆ 1963ರಲ್ಲಿ ನೊಬೆಲ್ ಬಂತು. ನರಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಸೋಡಿಯಂ ಒಳನುಗ್ಗಿದಾಗ ಸಂದೇಶ ಹರಿಯುತ್ತದೆ, ಪೊಟ್ಯಾಸಿಯಂ ಹೊರಬಂದಾಗ ಕೋಶ ಶಾಂತವಾಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾಗಿಲು ಕಾಯುವ ಆಳುಗಳಂತೆ. ಲಕ್ಷಾಂತರ ಕೋಶಗಳು ಸರದಿ ಬಿಟ್ಟು ಒಮ್ಮೆಲೇ ಕೂಗಿದರೆ ಅದೇ ಸೆಳವು. ಫೆನಿಟಾಯಿನ್ ಗುಳಿಗೆ ಮಾಡುವುದೂ ಸೋಡಿಯಂ ಬಾಗಿಲನ್ನು ಬಿಗಿ ಹಿಡಿಯುವ ಕೆಲಸವನ್ನೇ.

ಆದ್ದರಿಂದ ರಕ್ತದಲ್ಲಿ ಈ ಲವಣಗಳು ತೀರ ಕುಸಿದರೆ ಮೂರ್ಛೆರೋಗ ಇಲ್ಲದವರಿಗೂ ಸೆಳವು ಬರುತ್ತದೆ. ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ, ವಾಂತಿ ಭೇದಿಯಾದಾಗ ಬರಿಯ ನೀರನ್ನೇ ಕುಡಿಸಿದರೆ ಇಳಿಯಬಹುದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವ ವೃದ್ಧರಲ್ಲಿಯೂ ಇಳಿಯುತ್ತದೆ. ತಾಯಿಗೆ ಡಿ ಜೀವಸತ್ವದ ಕೊರತೆಯಿದ್ದರೆ ಎಳೆಗೂಸಿನ ಕ್ಯಾಲ್ಸಿಯಂ ಕುಸಿದು ಸೆಳವು ಬರುವುದುಂಟು. ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ಬರುವ ನಂಜಿನ ಸೆಳವು ಬೇರೆಯೇ ರೋಗ. ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಬೇರೆ ಔಷಧಿಗಳಿಗಿಂತ ಉತ್ತಮವೆಂದು ಭಾರತವೂ ಸೇರಿದ ಹಲವು ದೇಶಗಳ ಪರೀಕ್ಷೆ 1995ರಲ್ಲಿ ತೋರಿಸಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೂರ್ಛೆರೋಗವಿರುವ ಬಹುತೇಕರ ರಕ್ತದಲ್ಲಿ ಲವಣಗಳು ಸರಿಯಾಗಿಯೇ ಇರುತ್ತವೆ. ಹೆರಿಗೆಯಲ್ಲಿ ಉಸಿರುಗಟ್ಟಿದ್ದು, ತಲೆಗೆ ಬಿದ್ದ ಪೆಟ್ಟು, ಮಿದುಳು ಜ್ವರ, ವಂಶವಾಹಿ ಮುಂತಾದವು ಕಾರಣ. ಹಂದಿಯ ಲಾಡಿಹುಳದ ಮೊಟ್ಟೆ ಮಲಿನ ನೀರು, ತೊಳೆಯದ ಕಾಯಿಪಲ್ಲೆಯ ಮೂಲಕ ಹೊಟ್ಟೆ ಸೇರಿ ಮಿದುಳಲ್ಲಿ ಗುಳ್ಳೆಯಾಗುವುದೂ ಒಂದು ಕಾರಣ. ಹಂದಿ ಮಾಂಸ ಮುಟ್ಟದ ಮನೆಗಳಿಗೂ ಅದು ಬರುತ್ತದೆ. ಡೋಣಿಯ ಸವುಳು ನೀರನ್ನು ಬಲ್ಲ ನಮ್ಮ ಜನ ಎಲ್ಲ ಬ್ಯಾನಿಗೂ ನೀರನ್ನೇ ದೂರುತ್ತಾರೆ. ಕೊಳವೆಬಾವಿಯ ಫ್ಲೋರೈಡ್ ಹಲ್ಲು, ಎಲುಬು ಕೆಡಿಸುವುದು ನಿಜ. ಮೂರ್ಛೆಯ ಹೊಣೆ ಅದರ ಮೇಲೆ ಹೊರಿಸಲಾಗದು. ಸತುವು, ಮೆಗ್ನೀಸಿಯಂ ಪುಡಿ ತಿಂದು ವೈದ್ಯರ ಗುಳಿಗೆ ಬಿಡುವುದು ಚಾವಿ ಹಿಡಿಸುವುದರ ಹೊಸ ರೂಪವಷ್ಟೆ.

ಗುಳಿಗೆಯ ಪಾಠವನ್ನು ನಮ್ಮ ನಾಡೇ ಜಗತ್ತಿಗೆ ಹೇಳಿತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಕೆಲಸ ಮಾಡಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು: ಅಗ್ಗದ ಹಳೆಯ ಫಿನೊಬಾರ್ಬಿಟಾಲ್, ಫೆನಿಟಾಯಿನ್ ಗುಳಿಗೆಗಳಿಂದಲೇ ಹಳ್ಳಿಯ ರೋಗಿಗಳ ಸೆಳವನ್ನು ಹತೋಟಿಗೆ ತರಬಹುದು. 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ತಜ್ಞರ ಸಮೀಕ್ಷೆಯ ಪ್ರಕಾರ ಬೆಂಗಳೂರು ನಗರದಲ್ಲಿ ಸಾವಿರಕ್ಕೆ 5.7 ಜನರಿಗೆ ಈ ರೋಗವಿದ್ದರೆ ಸುತ್ತಲ ಹಳ್ಳಿಗಳಲ್ಲಿ 11.9 ಜನರಿಗಿತ್ತು. ರೋಗದ ಭಾರ ಹಳ್ಳಿಯ ಮೇಲೆ ಇಮ್ಮಡಿ. ದುಡಿಯಲು ಗೋವಾ, ಪುಣೆಗೆ ಗುಳೆ ಹೋಗುವ ನಮ್ಮ ತಾಲೂಕುಗಳ ಜನರ ಗಂಟಿನಲ್ಲಿ ರೊಟ್ಟಿ ಇರುತ್ತದೆ. ತಿಂಗಳ ಗುಳಿಗೆ ಇರುವುದಿಲ್ಲ.

ರೋಗಕ್ಕಿಂತ ಅಂಜಿಕೆ ಹೆಚ್ಚು ಕೊಲ್ಲುತ್ತದೆ. ಪದೇ ಪದೇ ಮೂರ್ಛೆ ಬರುವವರನ್ನು ಮದುವೆಗೆ ಅನರ್ಹರೆಂದು 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಗೆ, ವಿಶೇಷ ವಿವಾಹ ಕಾಯ್ದೆಗೆ ಬರೆಸಿತ್ತು. 1999ರಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಕಾನೂನಿನಿಂದ ಹೋದದ್ದು ಮನೆಗಳಿಂದ ಹೋಗಲಿಲ್ಲ. ಪ್ರಾರ್ಥನೆಯಲ್ಲಿ ಬಿದ್ದ ನಮ್ಮ ಸಹಪಾಠಿಯ ನಿಕಾಹ್ ಆದಾಗ ತವರಿನವರು ಬ್ಯಾನಿ ಮುಚ್ಚಿಟ್ಟರು. ಅತ್ತೆ ಕಂಡಾಳೆಂದು ಆಕೆ ಗುಳಿಗೆಯನ್ನು ತವರಲ್ಲೇ ಬಿಟ್ಟು ಹೋದಳು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಒಲೆಯ ಮೇಲೆ ಬಿದ್ದಳು. ಸುಟ್ಟ ಕೈಯೊಂದಿಗೆ ತಿರುಗಿ ಬಂದವಳು ಮತ್ತೆ ಗಂಡನ ಮನೆ ಕಾಣಲಿಲ್ಲ. ದಿನಕ್ಕೊಂದು ಅಗ್ಗದ ಗುಳಿಗೆ ಆಕೆಯ ಸಂಸಾರ ಉಳಿಸಬಹುದಿತ್ತು.

ಯಾರಾದರೂ ಬಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸೋಣ. ತಲೆಯಡಿ ಮೆತ್ತನೆಯದೇನಾದರೂ ಇಡೋಣ. ಬಾಯಿಗೆ ಏನೂ ಹಾಕದಿರೋಣ. ಸೆಳವು ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯೋಣ. ಕೀಲಿಕೈ ಕಪಾಟಿಗೇ ಇರಲಿ. ಎಚ್ಚರಾದವರ ಕೈಗೆ ನಾವು ಕೊಡಬೇಕಾದದ್ದು ಗುಳಿಗೆ. ಅದನ್ನು ಎಲ್ಲರೆದುರು ನುಂಗುವಷ್ಟು ಧೈರ್ಯವನ್ನೂ ನಾವೇ ಕೊಡಬೇಕು.