ನೋಡದವರ ದುಡ್ಡಿನಲ್ಲಿ ನಡೆದ ವಾಹಿನಿಗಳು

2019ರ ಜನವರಿ ಕೊನೆಯ ವಾರ ನಾನು ತರೀಕೆರೆಯ ಮನೆಗೆ ಹೋಗಿದ್ದಾಗ ಕೇಬಲ್ ಹುಡುಗ ಉದ್ದದೊಂದು ಹಾಳೆ ತಂದುಕೊಟ್ಟ. ಎರಡೂ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಚಾನೆಲ್‌ಗಳ ಹೆಸರು, ಪಕ್ಕದಲ್ಲಿ ಬೆಲೆ. ಕೆಲವಕ್ಕೆ 19 ರೂಪಾಯಿ, ಕೆಲವಕ್ಕೆ ಒಂದು ರೂಪಾಯಿಗೂ ಕಡಿಮೆ. "ಬೇಕಾದ್ದಕ್ಕೆ ಟಿಕ್ ಹಾಕಿಕೊಡಿ ಸಾರ್, ಇನ್ಮೇಲೆ ನೋಡೋದಕ್ಕೆ ಮಾತ್ರ ದುಡ್ಡು" ಅಂದ. ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅಮ್ಮನನ್ನು ಕೇಳಿ ಧಾರಾವಾಹಿಗಳಿಗೆ, ಸುದ್ದಿಗೆ, ಹಳೆಯ ಹಾಡುಗಳಿಗೆ ಗುರುತು ಹಾಕಿದೆ. ಮೊತ್ತ ಏರುತ್ತಿದೆ ಅನ್ನಿಸಿ, ಕೆಳಗಿನ ಸಾಲುಗಳನ್ನು ಓದದೆಯೇ ಹಾಳೆ ವಾಪಸು ಕೊಟ್ಟೆ.

ಫೆಬ್ರವರಿಯಲ್ಲಿ ಅಪ್ಪ ಫೋನ್ ಮಾಡಿದರು. "ಆ ಹಳೇ ಊರು ಅಗೆಯೋ ಚಾನೆಲ್ ಬರ್ತಾನೇ ಇಲ್ಲ ಕಣೋ."

ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ಈಜಿಪ್ಟನ್ನು ಪಠ್ಯಪುಸ್ತಕದ ಮಸುಕು ಚಿತ್ರದಲ್ಲಿ ಮಾತ್ರ ಕಂಡು ಮಕ್ಕಳಿಗೆ ತೋರಿಸಿದವರು. ನಿವೃತ್ತರಾದ ಮೇಲೆ ರಾತ್ರಿ ಊಟ ಮುಗಿಸಿ, ಶಬ್ದ ತಗ್ಗಿಸಿಕೊಂಡು, ಅರ್ಧ ಅರ್ಥವಾಗುವ ಇಂಗ್ಲಿಷಿನಲ್ಲಿ ರೋಮಿನ ಕಾಲುವೆಗಳನ್ನೂ ಪಿರಮಿಡ್ಡಿನ ಒಳದಾರಿಗಳನ್ನೂ ನೋಡುತ್ತಿದ್ದರು. ಅದನ್ನು ನಿಲ್ಲಿಸಿದವನು ನಾನೇ. ಅಂದಿನಿಂದ ಈ ವಾಹಿನಿಗಳು ಎಲ್ಲಿಂದ ಬಂದವು, ಏಕೆ ಹೋಗುತ್ತಿವೆ ಎಂದು ಓದತೊಡಗಿದೆ.

ಒಂದೇ ವಿಷಯಕ್ಕೆ ಒಂದಿಡೀ ವಾಹಿನಿ ಎಂಬ ಕಲ್ಪನೆ ಗಟ್ಟಿಯಾದದ್ದು ಅಮೆರಿಕದಲ್ಲಿ. ಅಲ್ಲಿ ಕೇಬಲ್ ಹುಟ್ಟಿದ್ದು 1940ರ ದಶಕದ ಕೊನೆಯಲ್ಲಿ, ಗುಡ್ಡದ ಮರೆಯ ಊರುಗಳಿಗೆ ಪಟ್ಟಣದ ಟಿವಿ ಸಿಗಲಿ ಎಂದು. ಎತ್ತರದಲ್ಲಿ ಒಂದು ಆಂಟೆನಾ, ಅಲ್ಲಿಂದ ಮನೆಮನೆಗೆ ತಂತಿ. 1975ರಲ್ಲಿ ಎಚ್‌ಬಿಒ ತನ್ನ ಕಾರ್ಯಕ್ರಮಗಳನ್ನು ಉಪಗ್ರಹದ ಮೂಲಕ ದೇಶದ ಕೇಬಲ್‌ನವರಿಗೆ ತಲುಪಿಸಲು ತೊಡಗಿದ ಮೇಲೆ ಲೆಕ್ಕವೇ ಬದಲಾಯಿತು. 1979ರಲ್ಲಿ ಕ್ರೀಡೆಗೆ ಇಎಸ್‌ಪಿಎನ್, 1980ರಲ್ಲಿ ಸುದ್ದಿಗೆ ಸಿಎನ್‌ಎನ್, ಅದೇ ವರ್ಷ ಕಲೆ, ಸಿನಿಮಾಗಳಿಗೆ ಬ್ರಾವೊ, 1981ರ ಆಗಸ್ಟ್ 1ರಂದು ಸಂಗೀತಕ್ಕೆ ಎಂಟಿವಿ, 1985ರಲ್ಲಿ ಡಿಸ್ಕವರಿ, 1995ರ ಹೊಸ ವರ್ಷದ ದಿನ ಹಿಸ್ಟರಿ ಚಾನೆಲ್. ಟಿಎಲ್‌ಸಿಯ ಬೇರು ಇನ್ನೂ ಹಿಂದಿನದು. 1972ರಲ್ಲಿ ಅಲ್ಲಿನ ಸರ್ಕಾರದ ಶಿಕ್ಷಣ ಇಲಾಖೆ ಮತ್ತು ನಾಸಾ ಸೇರಿ ದೂರದ ಬೆಟ್ಟದ ಸೀಮೆಗಳಿಗೆ ಪಾಠ ಮುಟ್ಟಿಸಲು ಆರಂಭಿಸಿದ ಕೆಲಸ ಅದು. ಮುಂದೆ ಖಾಸಗಿಯವರ ಕೈಸೇರಿ 'ದಿ ಲರ್ನಿಂಗ್ ಚಾನೆಲ್' ಆಯಿತು.

ಇವೆಲ್ಲ ಬದುಕಿದ ಬಗೆ ಸರಳ. ಪ್ರತಿ ಮನೆಯೂ ಇಡೀ ಕಟ್ಟಿಗೆ ಒಟ್ಟು ಬಿಲ್ ಕಟ್ಟುತ್ತಿತ್ತು. ಅದರಲ್ಲಿ ಒಂದೊಂದು ಚಾನೆಲ್‌ಗೂ ಒಂದಿಷ್ಟು ಪಾಲು. ಬೇಸ್‌ಬಾಲ್ ಬಿಟ್ಟು ಬೇರೇನೂ ನೋಡದವನ ಡಾಲರಿನಲ್ಲಿ ಕೆಲವು ಸೆಂಟುಗಳು ಸಂಗೀತ ನಾಟಕಕ್ಕೆ ಹೋಗುತ್ತಿದ್ದವು. ನಾಟಕ ನೋಡುವವಳು ಬೇಸ್‌ಬಾಲಿಗೆ ಅದಕ್ಕಿಂತ ಹೆಚ್ಚೇ ಕೊಡುತ್ತಿದ್ದಳು. ಊರ ಜಾತ್ರೆಗೆ ಎಲ್ಲರೂ ವಂತಿಗೆ ಕೊಟ್ಟಂತೆ. ತೇರು ನೋಡಲು ಬಂದವನೂ ಬಯಲಾಟಕ್ಕೆ ಕೊಟ್ಟಿರುತ್ತಾನೆ, ರಾತ್ರಿಯಿಡೀ ಮಲಗಿದ್ದರೂ.

ಕೇಬಲ್ ನಮ್ಮಲ್ಲಿಗೆ ಬಂದದ್ದು 1991ರ ಗಲ್ಫ್ ಯುದ್ಧದ ಸಿಎನ್‌ಎನ್ ಚಿತ್ರಗಳೊಂದಿಗೆ, ಆಮೇಲೆ ಹಾಂಗ್‌ಕಾಂಗಿನ ಸ್ಟಾರ್ ಟಿವಿಯೊಂದಿಗೆ. 1994ರಲ್ಲಿ ಉದಯ ಟಿವಿ, ಮರುವರ್ಷ ಡಿಸ್ಕವರಿ. ನಮ್ಮ ಬೀದಿಯಲ್ಲಿ ಕಪ್ಪು ವೈರು ತೆಂಗಿನ ಮರದಿಂದ ತೆಂಗಿನ ಮರಕ್ಕೆ ಜೋತಾಡುತ್ತಾ ಬಂತು. ಮಳೆ ಜೋರಾದರೆ ಜಗತ್ತು ಮಾಯ. ತಿಂಗಳಿಗೆ ಎಲ್ಲರಿಗೂ ಒಂದೇ ಹಣ. ಕಿರಾಣಿ ಅಂಗಡಿಯವರೂ ಅಷ್ಟೇ ಕೊಡುತ್ತಿದ್ದರು, ನಾವೂ ಅಷ್ಟೇ. ಅವರ ಮನೆಯಲ್ಲಿ ಯಾವತ್ತೂ ಡಿಸ್ಕವರಿ ಹಾಕಿದ್ದನ್ನು ನಾನು ಕಂಡಿಲ್ಲ. ಆದರೂ ಅವರ ಮಗ ಒಂದು ದಿನ ಶಾಲೆಯಲ್ಲಿ, ಆಕ್ಟೋಪಸ್ಸಿಗೆ ಮೂರು ಹೃದಯ ಅಂತೆ ಎಂದು ಹೇಳಿ ನಮ್ಮನ್ನೆಲ್ಲ ನಗಿಸಿದ್ದ. ಸಿನಿಮಾ ಹುಡುಕುತ್ತಾ ಬಟನ್ ಒತ್ತುವಾಗ ಕಣ್ಣಿಗೆ ಬಿದ್ದಿತ್ತಂತೆ.

ಆ ಕಾಲದ ವ್ಯವಸ್ಥೆಯಲ್ಲಿ ದೋಷಗಳು ಬಹಳವಿದ್ದವು. ಕೇಬಲ್‌ನವರು ಎಷ್ಟು ಮನೆಗಳಿವೆ ಎಂಬುದನ್ನು ಕಡಿಮೆ ಮಾಡಿ ತೋರಿಸುವುದು ಮಾಮೂಲಾಗಿತ್ತು. ಹಾಗಾಗಿ ಚಂದಾಹಣ ವಾಹಿನಿಗಳಿಗೆ ಪೂರ್ತಿ ಮುಟ್ಟುತ್ತಿರಲಿಲ್ಲ. ಹಳೆಯ ತಂತಿಯಲ್ಲಿ ಜಾಗವೂ ಕಡಿಮೆಯಿದ್ದು, ಒಳಗೆ ಸೇರಿಸಿಕೊಳ್ಳಲು ವಾಹಿನಿಗಳೇ ಕೇಬಲ್ ಕಂಪನಿಗಳಿಗೆ ಹಣ ಕೊಡಬೇಕಿತ್ತು. ಉಳಿದ ದಾರಿ ಜಾಹೀರಾತು. ಜಾಹೀರಾತಿಗೆ ಬೇಕಾದದ್ದು ಗುಂಪು. ಕನ್ನಡದಲ್ಲಿ ಹಾಡಿಗೆ, ಸಿನಿಮಾಕ್ಕೆ, ಹಾಸ್ಯಕ್ಕೆ ಬೇರೆಬೇರೆ ವಾಹಿನಿಗಳು ಬಂದವು, 2009ರಲ್ಲಿ ಮಕ್ಕಳಿಗೆ ಚಿಂಟು ಬಂತು. ಇತಿಹಾಸಕ್ಕೋ ವಿಜ್ಞಾನಕ್ಕೋ ಮೀಸಲಾದ ಕನ್ನಡದ್ದೇ ವಾಹಿನಿಯೊಂದನ್ನು ನಮ್ಮ ಮನೆಯ ಕೇಬಲ್ಲಿನಲ್ಲಿ ನಾನು ಕಾಣಲೇ ಇಲ್ಲ.

ಗುಂಪಿನ ಹಸಿವು ಅಮೆರಿಕದಲ್ಲೂ ಅದೇ ಕೆಲಸ ಮಾಡಿತು. ವಾಹಿನಿಗಳು ತಂತಿ ಕಡಿಯುವ ಮೊದಲೇ ತಮ್ಮ ಹೆಸರಿಗೆ ತಾವೇ ಎರವಾಗತೊಡಗಿದವು. ಬ್ರಾವೊ ಕಲೆಯನ್ನು ಬಿಟ್ಟು ಶ್ರೀಮಂತ ಗೃಹಿಣಿಯರ ಜಗಳಗಳನ್ನು ಹಿಡಿಯಿತು. ಟಿಎಲ್‌ಸಿ ಪಾಠ ಬಿಟ್ಟು ಮದುವೆಯ ಉಡುಪು, ಕೇಕುಗಳಿಗೆ ಬಂತು. ಹಿಸ್ಟರಿ 2008ರಲ್ಲಿ ಹೆಸರಿನಿಂದ 'ಚಾನೆಲ್' ಕಳಚಿತು, 2009ರಲ್ಲಿ ಒತ್ತೆ ಅಂಗಡಿಯ 'ಪಾನ್ ಸ್ಟಾರ್ಸ್' ಶುರುಮಾಡಿತು. 2010ರಲ್ಲಿ ಎಂಟಿವಿಯ ಲಾಂಛನದ ಅಡಿಯಲ್ಲಿದ್ದ 'ಮ್ಯೂಸಿಕ್ ಟೆಲಿವಿಷನ್' ಎಂಬ ಪದಗಳೇ ಹೋದವು. ಭಾರತದಲ್ಲಿ ಹಿಸ್ಟರಿ ಟಿವಿ18 ಬಂದದ್ದು 2011ರಲ್ಲಿ, ಒತ್ತೆ ಅಂಗಡಿಯನ್ನೂ ಹೊತ್ತುಕೊಂಡು. ಅಪ್ಪನೂ ಗೊಣಗುತ್ತಿದ್ದರು: "ಇವರು ಯಾವಾಗ ನೋಡಿದ್ರೂ ಹಳೇ ಸಾಮಾನು ಚೌಕಾಸಿ ಮಾಡ್ತಿರ್ತಾರಲ್ಲೋ." ಆದರೂ ಕಾಯುತ್ತಿದ್ದರು. ಚೌಕಾಸಿ ಮುಗಿದ ಮೇಲೆ ಯಾವುದಾದರೂ ಊರು ಅಗೆದೇ ಅಗೆಯುತ್ತಾರೆಂಬ ನಂಬಿಕೆ.

ಆಮೇಲಿನದು ಬೇಗ ನಡೆಯಿತು. 2012ರಿಂದ 2017ರವರೆಗೆ ಹಂತಹಂತವಾಗಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2016ರಲ್ಲಿ ನೆಟ್‌ಫ್ಲಿಕ್ಸ್ ಬಂತು, ಅದೇ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2017ರಲ್ಲಿ ಟ್ರಾಯ್ ಹೊರಡಿಸಿದ ಹೊಸ ದರದ ಆದೇಶ ನ್ಯಾಯಾಲಯಗಳನ್ನು ಹಾದು 2019ರ ಫೆಬ್ರವರಿ 1ರಿಂದ ಜಾರಿಯಾಯಿತು. ನೂರು ವಾಹಿನಿಗಳವರೆಗೆ ಸಂಪರ್ಕಕ್ಕೆ 130 ರೂಪಾಯಿ, ಮೇಲೆ ತೆರಿಗೆ. ಹಣ ಕೊಟ್ಟು ನೋಡುವ ವಾಹಿನಿಗಳಿಗೆ ಬೇರೆ ಬೆಲೆ. ಬೇಡದ್ದಕ್ಕೆ ಯಾರೂ ಹಣ ತೆರಬೇಕಿಲ್ಲ ಎಂಬ ಉದ್ದೇಶ ನ್ಯಾಯವಾದದ್ದೇ. ಓದದ ಪತ್ರಿಕೆಗೆ ಚಂದಾ ಕಟ್ಟು ಎಂದರೆ ನಾನೂ ಒಪ್ಪುವುದಿಲ್ಲ. ಆದರೆ ನನ್ನಂತೆ ಆ ಹಾಳೆಯ ಮೇಲಿನ ಸಾಲುಗಳಿಗಷ್ಟೇ ಟಿಕ್ ಹಾಕಿದ ಮನೆಗಳು ಬಹಳ ಇದ್ದಿರಬೇಕು. ಕೆಳಗಿನ ಸಾಲುಗಳಲ್ಲಿದ್ದವು ಯಾರಿಗೂ ಬೇಡವಾದವಲ್ಲ. ಮನೆಯಲ್ಲಿ ಒಬ್ಬರಿಗೆ ಮಾತ್ರ ಬೇಕಾದವು, ಅದೂ ವಾರಕ್ಕೆ ಎರಡು ಗಂಟೆ.

ಅದೊಂದೇ ಕಾರಣವೆಂದು ಹೇಳಲಾರೆ. ಚಾನೆಲ್ ವಿ ಇಲ್ಲಿ ಮುಚ್ಚಿದ್ದು 2018ರಲ್ಲಿ, ಹೊಸ ದರ ಬರುವ ಮೊದಲೇ. 2020ರ ಜೂನ್ ಕೊನೆಗೆ ಎಎಕ್ಸ್‌ಎನ್ ನಿಂತಿತು, ಡಿಸೆಂಬರ್ 15ಕ್ಕೆ ಎಚ್‌ಬಿಒ ಮತ್ತು ಡಬ್ಲ್ಯುಬಿ. ಉಪಗ್ರಹದಿಂದ ಕೇಬಲ್ಲಿಗೆ ದಾರಿ ತೆರೆದ ಎಚ್‌ಬಿಒ ನಮ್ಮ ತಂತಿಯಿಂದ ಸದ್ದಿಲ್ಲದೆ ಇಳಿದುಹೋಯಿತು. ನಾವೆಲ್ಲ ಆಗಲೇ ಫೋನಿನಲ್ಲಿದ್ದೆವು.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಚಾನೆಲ್ ಮತ್ತೆ ಹಾಕಿಸಿದೆ. ಒಂದು ಲೋಟ ಚಹಾದ ಬೆಲೆಯೂ ಅದಕ್ಕಿರಲಿಲ್ಲ. ಜೊತೆಗೆ ಫೋನೊಂದನ್ನು ಕೊಟ್ಟು ಯೂಟ್ಯೂಬ್ ತೋರಿಸಿದೆ. "ಇದರಲ್ಲಿ ಎಲ್ಲಾ ಇದೆ ಅಪ್ಪ, ಏನು ಬೇಕೋ ಹುಡುಕಿ." ಅವರು ಸ್ವಲ್ಪ ಹೊತ್ತು ಖಾಲಿ ಚೌಕವನ್ನು ನೋಡಿದರು. "ಗೊತ್ತಿಲ್ಲದ್ದನ್ನ ಏನಂತ ಹುಡುಕಲೋ?"

ಈಗ ಅವರು ಹಳೆಯ ಟೀಚರ್ಸ್ ಡೈರಿಯ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಇಟ್ಟಿದ್ದಾರೆ. ಪಾಂಪೆ, ಅಂಗ್ಕೋರ್, ಮಾಚು ಪಿಚು, ಟ್ರಾಯ್ ಯುದ್ಧ. ಒಂದೊಂದನ್ನೇ ಫೋನಿಗೆ ಹೇಳಿ ನೋಡುತ್ತಾರೆ, ನೋಡಿದ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ. ಮೊನ್ನೆ ಹೋದಾಗ ಪಟ್ಟಿಯನ್ನು ಓದಿದೆ. ಎಲ್ಲವೂ ಹಿಂದೆ ಆ ರಾತ್ರಿಗಳಲ್ಲಿ ಕಂಡ ಊರುಗಳೇ. ಹೊಸ ಹೆಸರು ಒಂದೂ ಸೇರಿರಲಿಲ್ಲ.