ಎಂಟು ಸೆಟ್ಟಿಗಳು, ಎಂಬತ್ತು ಒಕ್ಕಲು

ರೋಣ, ನರಗುಂದ, ಗಜೇಂದ್ರಗಡಗಳ ಚರಿತ್ರೆ ಹೇಳಹೊರಟವರು ಸಾಮಾನ್ಯವಾಗಿ ಕೋಟೆಗಳಿಂದಲೇ ಶುರುಮಾಡುತ್ತಾರೆ. ನಾನು ಸೂಡಿಯಿಂದ ಶುರುಮಾಡುತ್ತೇನೆ. ಗಜೇಂದ್ರಗಡಕ್ಕೆ ಹತ್ತಿರದ ಈ ಊರು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ರಾಜಧಾನಿಯಾಗಿತ್ತು.

ಆಗ ಇದು ನೆಮ್ಮದಿಯ ನಾಡಲ್ಲ. ತುಂಗಭದ್ರೆ ದಾಟಿದ ಚೋಳರ ದಂಡು ಎದುರಾದುದನ್ನೆಲ್ಲ ತುಳಿದುಕೊಂಡು ಬರುತ್ತಿತ್ತು. ಸುಮಾರು 1007ರ ಹೊಟ್ಟೂರು ಶಾಸನ ಒಂಬತ್ತು ಲಕ್ಷ ಸೈನ್ಯ ನಾಡನ್ನು ಸೂರೆಗೈದಿತೆಂದು ಗೋಳಿಡುತ್ತದೆ. ಒಂಬತ್ತು ಲಕ್ಷವೆಂಬುದು ಶಾಸನ ಬರೆದವನ ಲೆಕ್ಕ. ಅದರ ಹತ್ತರಲ್ಲೊಂದು ಪಾಲು ಬಂದಿದ್ದರೂ ಊರೂರು ಬರಿದಾಗಲು ಸಾಕು.

ಇಂಥ ಗಡಿನಾಡಿನ ಆಳಿಕೆ 1010ರ ಹೊತ್ತಿಗೆ ಒಬ್ಬ ರಾಜಕುಮಾರಿಯ ಕೈಯಲ್ಲಿತ್ತು. ಆಕೆ ಐದನೆಯ ವಿಕ್ರಮಾದಿತ್ಯನ, ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ. ಶಾಸನಗಳು ಆಕೆಯನ್ನು ‘ಗುಣದ ಬೆಡಂಗಿ’ ಎನ್ನುತ್ತವೆ, ಯುದ್ಧದಲ್ಲಿ ಭೈರವಿಗೆ ಹೋಲಿಸುತ್ತವೆ. ಹೊಗಳಿಕೆ ಬರಿಯ ಬಾಯುಪಚಾರವಲ್ಲ: 1047ರಲ್ಲಿ ಆಕೆ ಗೋಕಾಗೆಯ, ಅಂದರೆ ಇಂದಿನ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು. ಸೋದರರ ಕಾಲ ಮುಗಿದು ಸೋದರಳಿಯ ಒಂದನೆಯ ಸೋಮೇಶ್ವರ ಪಟ್ಟವೇರಿದ ಮೇಲೂ ಆಕೆಯ ಅಧಿಕಾರ ಕುಂದಲಿಲ್ಲ.

ಆ ಸೋಮೇಶ್ವರನ ಕಾಲಕ್ಕೆ ಚೋಳ ರಾಜಾಧಿರಾಜ ಕಂಪಿಲಿಯ ಅರಮನೆಯನ್ನು ಕೆಡವಿದ್ದ. ಕಾಳಗದ ಏಟಿಗೆ ಸೂಡಿಯೂ ಸಿಕ್ಕಿತು. ಊರವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕಟ್ಟುಕಟ್ಟಳೆ ಮುರಿದುಬಿತ್ತು. ಸುಟ್ಟ ಮನೆಯನ್ನು ಮತ್ತೆ ಎಬ್ಬಿಸಬಹುದು. ಯಾರು ಯಾರಿಗೆ ಏನು ಕೊಡಬೇಕು, ಊರ ಮಾತು ಯಾರದು ಎಂಬ ಒಪ್ಪಂದ ಕೆಟ್ಟರೆ ವ್ಯಾಪಾರಿ ಅಂಗಡಿ ತೆರೆಯುವುದಿಲ್ಲ, ಒಕ್ಕಲು ಬೀಜ ಬಿತ್ತುವುದಿಲ್ಲ. ಅಕ್ಕಾದೇವಿಗೆ ಇದು ತಿಳಿದಿತ್ತು. 1050ರ ಸುಮಾರಿಗೆ ಆಕೆ ಮಂತ್ರಿಗಳೊಡನೆ ಸೇರಿ ಸೂಡಿಯ ಎಂಟು ಸೆಟ್ಟಿಗಳಿಗೆ, ಎಂಬತ್ತು ಒಕ್ಕಲುಗಳಿಗೆ ಅವರ ಹಳೆಯ ಹಕ್ಕುಬಾಧ್ಯತೆಗಳನ್ನು ಹೊಸದಾಗಿ ಕಟ್ಟಿಕೊಟ್ಟಳು; ಅದನ್ನು ಕಲ್ಲಿನಲ್ಲಿ ಕೊರೆಸಿದಳು. ನಲವತ್ತು ವರ್ಷ ನಾಡಾಳಿದವಳ ಅತಿ ದೊಡ್ಡ ಕೆಲಸ ಇದೇ ಎಂದು ನನ್ನ ಎಣಿಕೆ. ಗೋಕಾಗೆಯ ಮುತ್ತಿಗೆ ಇದರ ಮುಂದೆ ಸಣ್ಣದು.

ಊರು ಚೇತರಿಸಿಕೊಂಡಿತು. ಸುಮಾರು ಹತ್ತು ವರ್ಷಗಳಲ್ಲಿ ದಂಡನಾಯಕ ನಾಗದೇವ ನಾಗೇಶ್ವರ ದೇಗುಲ ಕಟ್ಟಿಸಿದ. ಒಂದೇ ಮಂಟಪ, ಅದರ ಎರಡು ತುದಿಗೆ ಎದುರುಬದುರಾದ ಎರಡು ಗರ್ಭಗುಡಿ, ಮೇಲೆ ಎರಡು ಶಿಖರ. ಜನ ಇಂದಿಗೂ ಅದನ್ನು ಜೋಡು ಕಳಸದ ಗುಡಿ ಎನ್ನುತ್ತಾರೆ. ನಾಗಕುಂಡ ಇದಕ್ಕಿಂತಲೂ ಮನಸೆಳೆಯುತ್ತದೆ: ನೀರಿನವರೆಗೆ ಇಳಿಯುವ ಮೆಟ್ಟಿಲು, ಗೋಡೆಯ ತುಂಬ ಪುಟ್ಟ ಶಿಖರಗಳ ಗೂಡುಗಳು. ಮಳೆ ನೆಚ್ಚಿ ಬದುಕುವ ಬಯಲುಸೀಮೆಯಲ್ಲಿ ನೀರಿಗೂ ಗುಡಿಯಷ್ಟೇ ಕುಸುರಿ ಮಾಡಿದ್ದು ಸಹಜವೇ. ನಾಣ್ಯ ಅಚ್ಚೊತ್ತುವ ಕಮ್ಮಟವೂ ಸೂಡಿಯಲ್ಲಿತ್ತು. ನಾಳೆ ಏನಾದೀತೋ ಎಂದು ಅಂಜುವ ಊರಿನಲ್ಲಿ ಯಾರೂ ಕಮ್ಮಟ ಇಡುವುದಿಲ್ಲ.

ಮುಂದಿನ ಶತಮಾನಗಳು ಈ ಸೀಮೆಗೆ ಕೋಟೆಗಳನ್ನು ತಂದವು. 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. 1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. ಅವರನ್ನೆಲ್ಲ ನೆನೆಯುವುದು ನ್ಯಾಯವೇ. ಆದರೆ ಈ ನಾಡನ್ನು ಕಟ್ಟಿದವರ ಪಟ್ಟಿ ಬರೆಯುವುದಾದರೆ ಮೊದಲ ಹೆಸರು ಅಕ್ಕಾದೇವಿಯದಾಗಬೇಕು, ಎರಡನೆಯ ಸಾಲು ಆ ಎಂಬತ್ತು ಒಕ್ಕಲುಗಳದು.