ನಾಲೆ ಏರಿ ಮೇಲೆ ಸೈಕಲ್: ಶ್ರೀರಂಗಪಟ್ಟಣ–ಪಾಂಡವಪುರ ಸುತ್ತ ಹೋಗೋರಿಗೆ ದಾರಿ, ಕಾಲ, ಎಚ್ಚರಿಕೆ

ಶ್ರೀರಂಗಪಟ್ಟಣ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಸೈಕಲ್ ತುಳಿಯೋ ಹಾಗಿಲ್ಲ. ಬೈಕ್, ಆಟೊ, ಟ್ರ್ಯಾಕ್ಟರ್ ಜೊತೆಗೆ ಮೋಟಾರ್ ಇಲ್ಲದ ಗಾಡಿಗಳಿಗೂ 2023ರ ಆಗಸ್ಟ್ 1ರಿಂದ ಅಲ್ಲಿ ನಿಷೇಧವಿದೆ. ಸರ್ವೀಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಹಾರ್ನ್ ಮತ್ತು ಧೂಳು ತಪ್ಪಲ್ಲ. ಅದನ್ನು ಬಿಟ್ಟು ಗದ್ದೆ ಬಯಲಿನ ಕಡೆ ಇಳಿದರೆ ಕಾವೇರಿ ದಂಡೆ, ಹಳೇ ನಾಲೆಗಳು ಮತ್ತು ಏರಿ ರಸ್ತೆಗಳು ಸಿಗುತ್ತವೆ. ರಜೆ ದಿನ ಸೈಕಲ್ ತಗೊಂಡು ಬರೋರ ಅನುಕೂಲಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಬೇಕು. ನಾಲೆ ಏರಿಯನ್ನು ಸೈಕಲ್‌ಗೆ ಅಂತ ಯಾರೂ ಕಟ್ಟಿಲ್ಲ. ಅದು ನೀರಾವರಿ ಸಿಬ್ಬಂದಿ ಮತ್ತು ರೈತರ ದಾರಿ. ಗಾಡಿ ಕಮ್ಮಿ ಅನ್ನೋದು ನಿಜ, ಆದರೆ ಪಕ್ಕದಲ್ಲೇ ಆಳದ ನೀರು ಇರುತ್ತೆ ಅನ್ನೋದೂ ಅಷ್ಟೇ ನಿಜ.

ಏರಿ ಯಾಕೆ ಸಮತಟ್ಟು?

ನಾಲೆಯಲ್ಲಿ ನೀರು ಪಂಪ್ ಇಲ್ಲದೆ ತಾನಾಗೇ ಹರಿಯಬೇಕು. ಇಳಿಜಾರು ಜಾಸ್ತಿಯಾದರೆ ದಂಡೆ ಕೊಚ್ಚಿ ಹೋಗುತ್ತೆ, ಕಮ್ಮಿಯಾದರೆ ಹೂಳು ತುಂಬುತ್ತೆ. ಅದಕ್ಕೆ ನೆಲದ ಒಂದೇ ಮಟ್ಟ ಹಿಡಿದು, ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟು ತೆಗೆದಿರುತ್ತಾರೆ. ಗುಡ್ಡ ಬಂದರೆ ನಾಲೆ ಸುತ್ತಿಕೊಂಡು ಹೋಗುತ್ತೆ. ಏರಿ ರಸ್ತೆಯೂ ಹಾಗೇ. ಗೇರ್ ಇಲ್ಲದ ಸೈಕಲ್‌ನಲ್ಲೂ ಏದುಸಿರು ಬಿಡದೆ ಹೋಗಬಹುದು ಅಂದರೆ ಕಾರಣ ಇದೇ.

ಈ ಭಾಗದ ನಾಲೆಗಳಲ್ಲಿ ಎರಡು ಕಾಲದವು ಇವೆ. ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಇವೆಲ್ಲ ನದಿಗೆ ಅಡ್ಡ ಕಟ್ಟಿದ ಕಟ್ಟೆಗಳಿಂದ ಹೊರಟವು, ಕೆಆರ್‌ಎಸ್‌ಗಿಂತ ಹಳೆಯವು. ಕೆಆರ್‌ಎಸ್ ಕಾಮಗಾರಿ ಶುರುವಾಗಿದ್ದು 1911ರಲ್ಲಿ. ಆ ಅಣೆಕಟ್ಟೆಯಿಂದ ಹೊರಡುವ ದೊಡ್ಡದು ವಿಶ್ವೇಶ್ವರಯ್ಯ ನಾಲೆ. ಮೊದಲು ಅದಕ್ಕೆ ವೈಸರಾಯ್ ಇರ್ವಿನ್ ಹೆಸರಿತ್ತು. ಜನರ ಬಾಯಲ್ಲಿ ಅದು ವಿ.ಸಿ. ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಭತ್ತ, ಕಬ್ಬಿಗೆ ನೀರು ಹೋಗೋದು ಇದರಿಂದಲೇ.

ಮೊದಲ ದಿನ: ದ್ವೀಪದ ಒಳಗೆ

ಹೊಸಬರು ಶ್ರೀರಂಗಪಟ್ಟಣದಿಂದಲೇ ಶುರು ಮಾಡೋದು ಒಳ್ಳೇದು. ಕಾವೇರಿ ಎರಡು ಕವಲಾಗಿ ಊರನ್ನು ಬಳಸಿ, ಪೂರ್ವಕ್ಕೆ ಸಂಗಮದಲ್ಲಿ ಮತ್ತೆ ಒಂದಾಗುತ್ತೆ. ಈ ಕಡೆಯಿಂದ ಆ ಕಡೆಗೆ ಸುಮಾರು 5 ಕಿ.ಮೀ. ಅಷ್ಟೇ. ರೈಲ್ವೆ ನಿಲ್ದಾಣದಿಂದ ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, 1784ರ ದರಿಯಾ ದೌಲತ್, ಗಂಜಾಂನ ನಿಮಿಷಾಂಬ, ಹೈದರ್–ಟಿಪ್ಪು ಸಮಾಧಿ ಇರುವ ಗುಂಬಜ್, ಕೊನೆಗೆ ಸಂಗಮ. ನಡುವೆ ಗದ್ದೆ, ತೆಂಗು, ಕಬ್ಬು. ವಾಪಸ್ ಬರುವಾಗ ಉತ್ತರದ ಕವಲಿನ ಮೇಲೆ 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡಬಹುದು. ಶನಿವಾರ, ಭಾನುವಾರ ಹತ್ತು ಗಂಟೆ ಆದ ಮೇಲೆ ಪ್ರವಾಸಿ ಬಸ್‌ಗಳು ತುಂಬಿಕೊಳ್ಳುತ್ತವೆ. ಬೆಳಿಗ್ಗೆ ಆರಕ್ಕೆ ಹೊರಟರೆ ಸಲೀಸು.

ಎರಡನೇ ದಿನ: ರಂಗನತಿಟ್ಟು, ಬಲಮುರಿ, ಕೆಆರ್‌ಎಸ್

ಪಶ್ಚಿಮವಾಹಿನಿ ಕಡೆಯಿಂದ ಹೊರಟು ರಂಗನತಿಟ್ಟು, ಪಾಲಹಳ್ಳಿ, ಬೆಳಗೊಳ ದಾಟಿ ಕೆಆರ್‌ಎಸ್‌ಗೆ ಹೋಗೋ ದಾರಿ ಇದು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಪಕ್ಷಿ ತಜ್ಞ ಸಲೀಂ ಅಲಿ ಹೇಳಿದ ಮೇಲೆ ಮೈಸೂರು ಅರಸರು ಘೋಷಣೆ ಮಾಡಿದ್ದು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಇಲ್ಲಿ ನದಿಯಲ್ಲಿ ಮೊಸಳೆಗಳಿವೆ. ಸುಸ್ತಾಯ್ತು ಅಂತ ಕಾಲು ತೊಳೆಯೋಕೆ ನದಿಗೆ ಇಳಿಯೋದು ಬೇಡ.

ಬಲಮುರಿಯಲ್ಲಿ ಕಟ್ಟೆ ಮೇಲಿಂದ ಹರಿಯೋ ನೀರು ನೋಡೋಕೆ ತೆಳ್ಳಗೆ ಕಾಣುತ್ತೆ. ಕಲ್ಲು ಪಾಚಿ ಕಟ್ಟಿ ಜಾರುತ್ತೆ, ಸುಳಿಯೂ ಇದೆ. ಈಜು ಬರೋರೇ ಇಲ್ಲಿ ಪ್ರಾಣ ಕಳಕೊಂಡಿದ್ದಾರೆ. ದಡದಲ್ಲೇ ಕೂತು ನೋಡಿ ಬರಬೇಕು. ಕೆಆರ್‌ಎಸ್ ಕಟ್ಟೆಯ ಮೇಲಿನ ರಸ್ತೆಗೆ ಸಾರ್ವಜನಿಕರನ್ನು ಬಿಡಲ್ಲ, ಹಾಗಾಗಿ ಬಂದ ಕಡೆಯಿಂದಲೇ ವಾಪಸ್ ಬರೋ ಲೆಕ್ಕ ಹಾಕಿಕೊಳ್ಳಿ.

ಮೂರನೇ ದಿನ: ಪಾಂಡವಪುರ ಕಡೆ

ಅನುಭವ ಇರೋರಿಗೆ ಮಾತ್ರ. ಪಾಂಡವಪುರ, ಕೆರೆ ತೊಣ್ಣೂರು ಕಡೆಯ ಹಳ್ಳಿ ರಸ್ತೆಗಳ ನಡುವೆ ವಿ.ಸಿ. ನಾಲೆ ಸಿಗುತ್ತೆ. ಏರಿ ಒಂದು ಕಡೆ ಟಾರ್, ಒಂದು ಕಡೆ ಬರೀ ಮಣ್ಣು. ಮಂಡ್ಯ ತಾಲ್ಲೂಕಿನ ಹುಲಿಕೆರೆ ಹತ್ತಿರ ನಾಲೆ ಸುರಂಗಕ್ಕೆ ನುಗ್ಗುತ್ತೆ. ಅಲ್ಲಿ ಏರಿ ಬಿಟ್ಟು ಊರ ರಸ್ತೆ ಹಿಡಿಯಲೇಬೇಕು. ಮೇಲುಕೋಟೆ ಹತ್ತಿರದಲ್ಲೇ ಇದೆ ಅಂತ ಹೋದರೆ ಏರು ಸಿಗುತ್ತೆ, ಅದು ನಾಲೆ ದಾರಿಯಂತಲ್ಲ.

ತಡೆಗೋಡೆ ವಿಚಾರ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. 2023ರಲ್ಲಿ ಇದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರು ಬಿದ್ದು ಐದು ಜನ ಹೋದರು. ಪ್ರತಿ ಸಲ ತಡೆಗೋಡೆ ಮಾತು ಬರುತ್ತೆ. ಕೆಲವು ಕಡೆ ಕಟ್ಟಿದ್ದಾರೆ, ಇನ್ನೂ ಎಷ್ಟೋ ಕಡೆ ಏರಿಗೂ ನೀರಿಗೂ ನಡುವೆ ಹುಲ್ಲು ಮಾತ್ರ ಇದೆ.

ಅಷ್ಟು ದೊಡ್ಡ ಬಸ್ಸನ್ನೇ ತಡೆಯದ ದಂಡೆ ಸೈಕಲ್ಲನ್ನು ತಡೆಯಲ್ಲ. ನಾಲೆಯ ಬದಿಗೆ ಕಾಂಕ್ರೀಟ್ ಹಾಕಿರೋ ಕಡೆ ಗೋಡೆ ಇಳಿಜಾರಾಗಿ, ಜಾರುತ್ತಾ ಇರುತ್ತೆ. ಒಳಗೆ ಬಿದ್ದರೆ ಹಿಡಿಯೋಕೆ ಏನೂ ಸಿಗಲ್ಲ. ಅದಕ್ಕೆ ಈ ನಿಯಮಗಳು:

• ನೀರು ನಿಮ್ಮ ಬಲಕ್ಕೆ ಬರೋ ಹಾಗೆ ದಿಕ್ಕು ಆರಿಸಿಕೊಳ್ಳಿ. ನಾವು ಎಡಕ್ಕೆ ಹೋಗೋದರಿಂದ ಎದುರು ಗಾಡಿ ಬಂದಾಗ ಗದ್ದೆ ಕಡೆ ಸರಿಯಬಹುದು, ನೀರಿನ ಕಡೆಗಲ್ಲ.

• ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲಿ. ಕಬ್ಬು ತುಂಬಿದ ಟ್ರೈಲರ್ ಏರಿಯ ಅಗಲವನ್ನೆಲ್ಲಾ ತಗೊಳುತ್ತೆ. ಚಾಲಕನಿಗೆ ಪಕ್ಕ ಕಾಣಲ್ಲ.

• ಕತ್ತಲಾದ ಮೇಲೆ ಏರಿ ಮೇಲೆ ಹೋಗಲೇಬೇಡಿ. ಎಷ್ಟೋ ಟ್ರೈಲರ್‌ಗಳಿಗೆ ಹಿಂದೆ ಲೈಟ್ ಇರಲ್ಲ, ನಾಲೆಗಂತೂ ಇಲ್ಲವೇ ಇಲ್ಲ.

• ಮಳೆ ಬಂದ ದಿನ ಮಣ್ಣಿನ ಏರಿ ಬೇಡ. ಚಕ್ರ ಜಾರೋದು ನೀರಿನ ಕಡೆಗೇ.

• ಮಕ್ಕಳ ಜೊತೆ ಬಂದರೆ ಮೊದಲ ದಿನದ ದ್ವೀಪದ ದಾರಿ ಸಾಕು.

• ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಹಗ್ಗ, ಪಂಚೆ, ಉದ್ದ ಕೋಲು ಏನಾದರೂ ಕೊಡಿ, ಜನರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಹತ್ತು ಮೀಟರ್ ಹಗ್ಗ ಬ್ಯಾಗಲ್ಲಿದ್ದರೆ ಭಾರವೇನಲ್ಲ.

ಯಾವಾಗ ಬರಬೇಕು?

ನವೆಂಬರ್‌ನಿಂದ ಫೆಬ್ರವರಿ ತನಕ ಬಿಸಿಲು ಕಮ್ಮಿ, ಹಕ್ಕಿಗಳೂ ಚೆನ್ನಾಗಿ ಕಾಣುತ್ತವೆ. ನಾಲೆಗೆ ವರ್ಷವಿಡೀ ನೀರು ಬಿಡಲ್ಲ. ಕಟ್ಟೆಯ ಮಟ್ಟ ನೋಡಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ಕಟ್ಟು ಪದ್ಧತಿಯಲ್ಲಿ ಹರಿಸುತ್ತಾರೆ. ನಿನ್ನೆ ಒಣಗಿದ್ದ ನಾಲೆ ಇವತ್ತು ತುಂಬಿರಬಹುದು. ಯಾವತ್ತು ನೀರು ಅನ್ನೋದು ಊರಿನ ನೀರುಗಂಟಿಗೆ ಗೊತ್ತಿರುತ್ತೆ. ಟೀ ಅಂಗಡಿಯಲ್ಲಿ "ಅಣ್ಣಾ, ನಾಲೆಗೆ ನೀರ್ ಬಿಟ್ಟವ್ರಾ?" ಅಂತ ಕೇಳಿದರೆ ಸಾಕು.

ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿಗೆ ತುಂಬಿ ನದಿಗೆ ಹೆಚ್ಚು ನೀರು ಬಿಟ್ಟಾಗ ಸಂಗಮ, ನಿಮಿಷಾಂಬದ ಸ್ನಾನಘಟ್ಟ, ವೆಲ್ಲೆಸ್ಲಿ ಸೇತುವೆ ಕಡೆ ಪೊಲೀಸರು ಬಿಡಲ್ಲ. ರಂಗನತಿಟ್ಟಿನಲ್ಲಿ ದೋಣಿಯೂ ನಿಲ್ಲುತ್ತೆ. ಹೊರಡೋ ಮುಂಚೆ ಆ ದಿನದ ಹೊರಹರಿವು ನೋಡಿಕೊಳ್ಳಿ.

ಸೈಕಲ್, ಪಂಕ್ಚರ್, ಊಟ

ತೆಳು ಟೈರಿನ ರೇಸ್ ಸೈಕಲ್ ಇಲ್ಲಿ ಆಗಲ್ಲ. ಏರಿ ಪಕ್ಕ ಜಾಲಿ ಮುಳ್ಳು ಇರುತ್ತೆ, ಸ್ವಲ್ಪ ದಪ್ಪ ಟೈರ್ ಬೇಕು. ಹಳ್ಳಿ ಪಂಕ್ಚರ್ ಅಂಗಡಿಯಲ್ಲಿ ಬೈಕ್, ಮಾಮೂಲಿ ಸೈಕಲ್ ಕೆಲಸ ಆಗುತ್ತೆ. ವಿದೇಶಿ ಸೈಕಲ್‌ನ ಸಣ್ಣ ವಾಲ್ವ್‌ಗೆ ಅವರ ಪಂಪ್ ಕೂರಲ್ಲ, ನಿಮ್ಮ ಟ್ಯೂಬ್, ಪಂಪ್ ನೀವೇ ತನ್ನಿ. ಎಳನೀರು ದಾರಿಯಲ್ಲಿ ಸಿಗುತ್ತೆ. ಆಲೆಮನೆ ನಡೀತಾ ಇದ್ದರೆ ಕೇಳಿಕೊಂಡು ಒಳಗೆ ಹೋಗಿ, ಬಿಸಿ ಬೆಲ್ಲ ಕೊಡದೆ ಕಳಿಸೋರು ಕಮ್ಮಿ.

ಗದ್ದೆ ಬದುವಿನ ಮೇಲೆ ಸೈಕಲ್ ಹತ್ತಿಸಬೇಡಿ, ತೂಬಿನ ಬಾಗಿಲು ಮುಟ್ಟಬೇಡಿ. ಒಂದು ತೂಬು ಅತ್ತಿತ್ತ ಆದರೆ ಕೆಳಗಿನ ಗದ್ದೆಯವರ ಸರದಿ ನೀರು ಹೋಗುತ್ತೆ. ಸರಪಳಿ ಹಾಕಿರೋ ಕಡೆ ಅಥವಾ ಸಿಬ್ಬಂದಿ ಬೇಡ ಅಂದ ಕಡೆ ವಾಪಸ್ ತಿರುಗಿಸಿ.

ಏರಿ ಮೇಲೆ ದಿನಾ ಸೈಕಲ್ ತುಳಿಯೋರು ಪ್ರವಾಸಿಗಳಲ್ಲ, ಶಾಲೆಗೆ ಹೋಗೋ ಹಳ್ಳಿ ಮಕ್ಕಳು. ತಡೆಗೋಡೆ ಇಲ್ಲದ ಅಪಾಯದ ತಿರುವು ಕಂಡರೆ ಫೋಟೊ ತೆಗೆದು, ಊರು ಮತ್ತು ಹತ್ತಿರದ ಸೇತುವೆಯ ಗುರುತು ಬರೆದು ಗ್ರಾಮ ಪಂಚಾಯಿತಿಗೂ ಕಾವೇರಿ ನೀರಾವರಿ ನಿಗಮದ ಕಚೇರಿಗೂ ಕೊಡಿ. ಒಂದು ದಿನಕ್ಕೆ ಬಂದು ಹೋಗೋರು ಕೊಟ್ಟ ಅರ್ಜಿ ಆ ಮಕ್ಕಳಿಗೆ ವರ್ಷವಿಡೀ ಕೆಲಸಕ್ಕೆ ಬರುತ್ತೆ.